ನಾಯಿಗಳ ವರ್ತನೆ, ಆರೈಕೆಯನ್ನು ಮನೆಯಲ್ಲೇ ಕಲಿಯಬೇಕು, ಯಾವ ಕೋರ್ಸ್ ಸೇರಲಿ?

ಕೆಲಸ ಬಿಡದೆ ರಾತ್ರಿ ಹೊತ್ತು ಓದಿ, ವರ್ಷದೊಳಗೆ ಸರ್ಟಿಫಿಕೇಟ್ ತಗೊಂಡು, ನಾಯಿಗಳ ಬಿಹೇವಿಯರಿಸ್ಟ್ (ವರ್ತನೆಯ ತೊಂದರೆ ತಿದ್ದುವವರು) ಆಗಬೇಕು, ನೋಡಿಟ್ಟ ನಾಲ್ಕು ಆನ್‌ಲೈನ್ ಕೋರ್ಸ್‌ಗಳಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ. ನಾನು ಈ ಕೆಲಸಕ್ಕೆ ಬಂದದ್ದೂ ಇದೇ ದಾರಿಯಲ್ಲಿ. ಹಾಗಾಗಿ ನೇರವಾಗಿ ಹೇಳುತ್ತೇನೆ, ನಾಲ್ಕರಲ್ಲಿ ಯಾವುದು ಅನ್ನುವುದು ಆಮೇಲಿನ ಮಾತು. ನೀವು ನಾಯಿಯ ಜೊತೆ ಕೆಲಸ ಮಾಡುವಾಗ ನಿಮ್ಮ ಕೈ ನೋಡಿ ತಿದ್ದುವವರು ಆ ಕೋರ್ಸಿನಲ್ಲಿ ಇದ್ದಾರಾ? ಇದ್ದರೆ ದುಡ್ಡು ಕಟ್ಟಿ. ಇಲ್ಲದಿದ್ದರೆ ಬೇಡವೇ ಬೇಡ. ಅದೇ ಪಾಠ ತೀರಾ ಕಡಿಮೆ ಖರ್ಚಿನಲ್ಲಿ ಸಿಗುತ್ತದೆ.

ಇಷ್ಟು ಖಡಾಖಂಡಿತವಾಗಿ ಹೇಳಲು ಕಾರಣ ಒಂದೇ ಒಂದು ತಪ್ಪು. ಪುಸ್ತಕ ಓದಿ ಬಂದ ಹೆಚ್ಚಿನವರು ಅದನ್ನು ಮಾಡುತ್ತಾರೆ, ನಾನೂ ಮಾಡಿದ್ದೇನೆ, ಅದರ ಬೆಲೆ ತೆತ್ತದ್ದು ನಾಯಿ. ಬೇರೆ ನಾಯಿ ಕಂಡರೆ ಹಗ್ಗ ಜಗ್ಗಿ ಬೊಗಳುವ ನಾಯಿ ಇದೆ ಅಂದುಕೊಳ್ಳಿ. ಹೆಚ್ಚಿನ ಕೋರ್ಸುಗಳು ಇದಕ್ಕೆ ಕೌಂಟರ್ ಕಂಡೀಷನಿಂಗ್ ಹೇಳಿಕೊಡುತ್ತವೆ. ಹೆದರಿಸುವ ವಸ್ತು ಕಂಡಾಗ ಇಷ್ಟದ ತಿಂಡಿ ಬರಬೇಕು, ಕ್ರಮೇಣ ಆ ವಸ್ತುವೇ ತಿಂಡಿಯ ಸೂಚನೆ ಆಗಬೇಕು. ಪರೀಕ್ಷೆಯಲ್ಲಿ ಇದನ್ನು ಎಲ್ಲರೂ ಸರಿಯಾಗಿ ಬರೆಯುತ್ತಾರೆ. ಬೀದಿಯಲ್ಲಿ ಆಗುವುದು ಬೇರೆ. ಎದುರಿಗೆ ಬರುವ ನಾಯಿಯನ್ನು ಮೊದಲು ನೋಡುವವರು ನೀವು, ನಿಮ್ಮ ನಾಯಿ ಅಲ್ಲ. ನೋಡಿದ ತಕ್ಷಣ ಗಾಬರಿಯಾಗಿ ಕೈ ತಾನಾಗಿ ತಿಂಡಿಯ ಚೀಲಕ್ಕೆ ಹೋಗುತ್ತದೆ, ಕವರ್ ಸರಕ್ ಅನ್ನುತ್ತದೆ, ಇನ್ನೊಂದು ಕೈ ಹಗ್ಗ ಬಿಗಿ ಮಾಡುತ್ತದೆ. ನಿಮ್ಮ ನಾಯಿ ನಿಮ್ಮ ಕೈ ಕಡೆ ತಿರುಗಿ ಚಿಕನ್ ತಿನ್ನುತ್ತದೆ, ತಲೆ ಎತ್ತಿದರೆ ಆ ಇನ್ನೊಂದು ನಾಯಿ ಹತ್ತಿರವೇ ನಿಂತಿದೆ.

ಅಂದರೆ ತಿಂಡಿ ಮೊದಲು, ಭಯ ಆಮೇಲೆ. ಕ್ರಮ ತಲೆಕೆಳಗಾಯಿತು. ಇಂಜೆಕ್ಷನ್‌ಗೆ ಮುಂಚೆ ಮಾತ್ರ ಚಾಕಲೇಟ್ ಕೊಡುತ್ತಾ ಬಂದರೆ ಮಗು ಚಾಕಲೇಟ್ ಕಂಡೇ ಅಳಲು ಶುರು ಮಾಡುತ್ತದಲ್ಲ, ಹಾಗೆ. ಇದು ಕೆಲವು ಸಲ ಆದರೆ ಕವರಿನ ಸದ್ದಿಗೇ ನಾಯಿ ಕಿವಿ ನಿಮಿರಿಸಿ ಸುತ್ತ ಹುಡುಕಲು ತೊಡಗುತ್ತದೆ. ಹಗ್ಗ ಬಿಗಿಯಾದರೂ ಅಷ್ಟೇ. ಮಾಲೀಕರು ‘ಚಿಕನ್ ಕೊಟ್ಟರೂ ಜಾಸ್ತಿಯೇ ಆಗಿದೆ’ ಅಂತ ಫೋನ್ ಮಾಡುತ್ತಾರೆ, ನೀವು ಓದಿದ್ದರಲ್ಲಿ ಉತ್ತರ ಇರುವುದಿಲ್ಲ, ಯಾಕೆಂದರೆ ನೀವು ಓದಿದ್ದು ಸರಿಯಾಗಿಯೇ ಇದೆ.

ಸರಿಯಾದ ಕ್ರಮ ಹೀಗೆ. ನಿಮ್ಮ ನಾಯಿ ಇನ್ನೊಂದನ್ನು ನೋಡಿಯೂ ಮೈ ಸಡಿಲವಾಗಿ, ಬಾಯಿ ಮೆತ್ತಗೆ ಇಟ್ಟುಕೊಂಡಿರುವಷ್ಟು ದೂರ ನಿಲ್ಲಿ. ಕೆಲವಕ್ಕೆ 15 ಮೀಟರ್ ಸಾಕು, ಕೆಲವಕ್ಕೆ 50 ಬೇಕು. ಚೀಲ ಸೊಂಟದ ಹಿಂದಿರಲಿ, ಪ್ಲಾಸ್ಟಿಕ್ ಕವರ್ ಬೇಡ, ಬಟ್ಟೆಯದ್ದು. ಕೈ ಪಕ್ಕಕ್ಕೆ ಇಳಿಬಿಟ್ಟಿರಲಿ. ಇನ್ನೊಂದು ನಾಯಿ ಕಾಣಿಸಲಿ, ನಿಮ್ಮದು ಅತ್ತ ತಿರುಗಿ ನೋಡಲಿ. ಆಗ, ಆಗ ಮಾತ್ರ, ಕೈ ಹಿಂದೆ ಹೋಗಬೇಕು. ಬೇಯಿಸಿದ ಚಿಕನ್, ಬಟಾಣಿ ಕಾಳಿನಷ್ಟು ಗಾತ್ರದ ಚೂರು, ಒಂದರ ಹಿಂದೆ ಒಂದು, ಆ ನಾಯಿ ಕಾಣುವಷ್ಟು ಹೊತ್ತೂ. ಅದು ಮರೆಯಾದ ಕ್ಷಣಕ್ಕೆ ತಿಂಡಿಯೂ ನಿಲ್ಲಬೇಕು. ನಿಮ್ಮ ನಾಯಿ ಬೆರಳಿಗೆ ಹಲ್ಲು ತಾಗುವಂತೆ ಕಸಿದು ತಿಂದರೆ ನೀವು ತೀರಾ ಹತ್ತಿರ ಇದ್ದೀರಿ. ತಿನ್ನದೇ ಹೋದರೆ ಇನ್ನೂ ಹತ್ತಿರ ಇದ್ದೀರಿ, ಆ ದಿನ ವಾಪಸ್ ಹೋಗಿ.

ಈ ಕ್ರಮ ತಪ್ಪಿದ್ದು ನಿಮಗೇ ಗೊತ್ತಾಗುವುದಿಲ್ಲ, ಯಾಕೆಂದರೆ ನಿಮ್ಮ ಕಣ್ಣು ನಾಯಿಯ ಮೇಲಿರುತ್ತದೆ. ಫೋನನ್ನು ಸೊಂಟದ ಎತ್ತರಕ್ಕೆ ಟ್ರೈಪಾಡಿನಲ್ಲಿಟ್ಟು, ಪಕ್ಕದಿಂದ, ನಿಮ್ಮ ಎರಡೂ ಕೈ ಮತ್ತು ನಾಯಿಯ ತಲೆ ಒಟ್ಟಿಗೆ ಕಾಣುವಂತೆ ಎರಡು ಮೂರು ನಿಮಿಷ ರೆಕಾರ್ಡ್ ಮಾಡಿ. ನಿಧಾನಗತಿಯಲ್ಲಿ ನೋಡುತ್ತಾ ಮೂರು ಸಮಯ ಬರೆದುಕೊಳ್ಳಿ: ನಾಯಿಯ ತಲೆ ತಿರುಗಿದ್ದು, ಕೈ ಅಲುಗಿದ್ದು, ತಿಂಡಿ ಬಾಯಿಗೆ ಹೋದದ್ದು. ಕೈ ಎರಡನೆಯದಾಗಿರಬೇಕು. ಮೊದಲನೆಯದಾಗಿದ್ದರೆ ಅಲ್ಲೇ ಇದೆ ತಪ್ಪು. ಇಂಥ ವಿಡಿಯೊ ತರಿಸಿಕೊಂಡು, ‘40ನೇ ಸೆಕೆಂಡಿನಲ್ಲಿ ಹಗ್ಗ ನೋಡಿ’ ಅಂತ ಬರೆದು ಕಳಿಸುವ ಗುರು ಇರುವ ಕೋರ್ಸಿಗೆ ಜಾಸ್ತಿ ದುಡ್ಡಾದರೂ ಕೊಡಬಹುದು. ಬರೀ ಬಹು ಆಯ್ಕೆಯ ಪ್ರಶ್ನೆ, ಕೊನೆಗೆ ಪಿಡಿಎಫ್ ಸರ್ಟಿಫಿಕೇಟ್ ಅಂದರೆ ಬೇಡ.

ಇನ್ನು ಬ್ರಿಟನ್ನಿನ ‘ಲೆವೆಲ್ 3 ಡಿಪ್ಲೊಮಾ’ಗಳ ಜಾಹೀರಾತು ನಿಮಗೂ ಬಂದಿರುತ್ತದೆ. ಲೆವೆಲ್ 3 ಅಂದರೆ ಅಲ್ಲಿಯ ಎ-ಲೆವೆಲ್ ಮಟ್ಟ, ನಮ್ಮ ಪಿಯುಸಿ ಅಂದುಕೊಳ್ಳಿ. ಅದೂ ನಿಜವಾದ ಲೆವೆಲ್ 3 ಆಗಿದ್ದರೆ ಆಫ್‌ಕ್ವಾಲ್ ಅನ್ನುವ ಅಲ್ಲಿಯ ನಿಯಂತ್ರಣ ಸಂಸ್ಥೆಯ ರಿಜಿಸ್ಟರಿನಲ್ಲಿ ಹೆಸರು ಸಿಗಬೇಕು. ಆ ರಿಜಿಸ್ಟರ್ ಅಂತರ್ಜಾಲದಲ್ಲೇ ಇದೆ, ಐದು ನಿಮಿಷದ ಕೆಲಸ. ‘ಸಿಪಿಡಿ ಮಾನ್ಯತೆ’ (ಸಿಪಿಡಿ ಅಂದರೆ ವೃತ್ತಿಯಲ್ಲಿರುವವರ ಮುಂದುವರಿದ ಕಲಿಕೆ) ಅನ್ನುವುದು ಖಾಸಗಿ ಸಂಸ್ಥೆಗಳು ಶುಲ್ಕ ತಗೊಂಡು ಹಾಕುವ ಮುದ್ರೆ, ಅದನ್ನು ಪದವಿ ಅಂತ ತಿಳಿಯಬೇಡಿ. ಅಮೆರಿಕದ ಸಿಪಿಡಿಟಿ-ಕೆಎ ಅನ್ನುವ ನಾಯಿ ತರಬೇತುದಾರರ ಪ್ರಮಾಣಪತ್ರ ಪರೀಕ್ಷೆಗೆ ಕೂರಲು ಹಿಂದಿನ ಮೂರು ವರ್ಷದಲ್ಲಿ ಕನಿಷ್ಠ 300 ಗಂಟೆ ನಾಯಿ ತರಬೇತಿಯ ಅನುಭವ ತೋರಿಸಬೇಕು. ಯಾವ ಮನೆಪಾಠವೂ ಆ ಗಂಟೆಗಳ ಬದಲಿಗೆ ನಡೆಯುವುದಿಲ್ಲ.

ಪಠ್ಯದ ಮಾದರಿ ಅಧ್ಯಾಯ ಕೇಳಿ ತರಿಸಿಕೊಳ್ಳಿ. ‘ನೀವೇ ಆಲ್ಫಾ (ಹಿಂಡಿನ ಯಜಮಾನ) ಆಗಬೇಕು’, ‘ನಾಯಿಗಿಂತ ಮೊದಲು ನೀವು ಉಣ್ಣಬೇಕು’ ಅಂತಿದ್ದರೆ ಅಲ್ಲಿಗೇ ಬಿಡಿ. ಆ ಕಲ್ಪನೆಯ ಬೇರು 1947ರಲ್ಲಿ ಪ್ರಾಣಿವರ್ತನೆಯ ಸಂಶೋಧಕ ರುಡಾಲ್ಫ್ ಶೆಂಕೆಲ್ ಸ್ವಿಟ್ಜರ್‌ಲೆಂಡಿನ ಬಾಸೆಲ್ ಮೃಗಾಲಯದ ಕೂಡಿಹಾಕಿದ ತೋಳಗಳನ್ನು ನೋಡಿ ಬರೆದದ್ದರಲ್ಲಿದೆ. ಅದನ್ನು ಹೆಚ್ಚು ಜನಪ್ರಿಯಗೊಳಿಸಿದವರಲ್ಲಿ ಒಬ್ಬರಾದ ಅಮೆರಿಕದ ತೋಳ ಸಂಶೋಧಕ ಡೇವಿಡ್ ಮೆಕ್ 1999ರಲ್ಲಿ ತಾವೇ ತಿದ್ದಿದರು: ಕಾಡಿನ ತೋಳದ ಹಿಂಡು ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳ ಕುಟುಂಬ. ಗುರ್ ಅಂದ ನಾಯಿಯನ್ನು ಗದರಿಸಿ ಸುಮ್ಮನಾಗಿಸಲು ಹೇಳುವ ಪಾಠವೂ ಅಪಾಯದ್ದು. ಗುರುಗುಟ್ಟುವುದು ನಾಯಿ ಕೊಡುವ ಎಚ್ಚರಿಕೆ. ಅದನ್ನು ಅಡಗಿಸಿದರೆ ಭಯ ಒಳಗೇ ಉಳಿದು, ಮುಂದಿನ ಸಲ ಸದ್ದಿಲ್ಲದೆ ಕಚ್ಚುವ ಸಾಧ್ಯತೆ ಹೆಚ್ಚುತ್ತದೆ.

ಆರೈಕೆಯ ಭಾಗದಲ್ಲಿ ವಿದೇಶಿ ಕೋರ್ಸ್‌ಗಳ ಕೊರತೆ ಎದ್ದು ಕಾಣುತ್ತದೆ. ಬ್ರಿಟನ್ನಿನ ನಾಯಿಗಳಲ್ಲಿ ರೇಬೀಸ್ ಇಲ್ಲ, ನಮ್ಮಲ್ಲಿ ಅದೇ ಮೊದಲ ಪಾಠ. ನೀವು ಪರಿಚಯವಿಲ್ಲದ ನಾಯಿ ಮುಟ್ಟುವ ಮುಂಚೆಯೇ ಮುನ್ನೆಚ್ಚರಿಕೆಯ ಲಸಿಕೆ ಹಾಕಿಸಿಕೊಳ್ಳಿ: ಮೊದಲ ದಿನ, 7ನೇ ದಿನ, ಆಮೇಲೆ 21 ಅಥವಾ 28ನೇ ದಿನ. ಹಾಕಿಸಿಕೊಂಡಿದ್ದರೂ ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಲೇಬೇಕು. ಉಣ್ಣಿ ಕಚ್ಚಿ ಬರುವ ಜ್ವರ, ಮರಿಗಳಿಗೆ ವಾಂತಿಭೇದಿ ತರುವ ಪಾರ್ವೊ ವೈರಸ್, ಏಪ್ರಿಲ್ ಬಿಸಿಲಿನ ಹೊಡೆತ, ಬೀದಿನಾಯಿಗಳ ಗುಂಪು ಇರುವ ರಸ್ತೆಯಲ್ಲಿ ವಾಕಿಂಗ್, ಇವು ಪಠ್ಯದಲ್ಲಿ ಇವೆಯಾ ನೋಡಿ. ನಾಯಿಯ ಸಹಜ ಮೈಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಅನ್ನುವುದು ತಿಳಿಯದೆ ‘ಮೈ ಬಿಸಿ ಇದೆ’ ಅಂತ ಪ್ಯಾರಾಸಿಟಮಾಲ್ ಕೊಟ್ಟವರಿದ್ದಾರೆ. ಆ ಮಾತ್ರೆ ನಾಯಿಯ ಯಕೃತ್ತನ್ನೇ ಕೆಡಿಸಬಹುದು, ಬೆಕ್ಕಿಗಂತೂ ಸಣ್ಣ ಪ್ರಮಾಣವೂ ಪ್ರಾಣಾಂತಿಕ.

ಕಾನೂನು ಕೂಡ ಗೊತ್ತಿರಲಿ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ ಪ್ರಕಾರ ಪಶುವೈದ್ಯಕೀಯ ಚಿಕಿತ್ಸೆ ಮಾಡುವ ಹಕ್ಕು ನೋಂದಾಯಿತ ವೈದ್ಯರದ್ದು. ಎಷ್ಟೇ ದೊಡ್ಡ ಡಿಪ್ಲೊಮಾ ಗೋಡೆಗೆ ನೇತುಹಾಕಿದರೂ ಇಂಜೆಕ್ಷನ್ ಕೊಡುವುದು, ಆತಂಕದ ಮಾತ್ರೆ ಬರೆಯುವುದು ನಿಮ್ಮ ಕೆಲಸವಲ್ಲ. ಇದ್ದಕ್ಕಿದ್ದಂತೆ ಮುಂಗೋಪಿಯಾದ ನಾಯಿಯನ್ನು ಮೊದಲು ವೈದ್ಯರ ಹತ್ತಿರ ಕಳಿಸಿ. ತಲೆ ಮುಟ್ಟಿದರೆ ಕಚ್ಚಲು ಬರುತ್ತದೆ ಅನ್ನುವ ನಾಯಿಗೆ ಎಷ್ಟೋ ಸಲ ಇರುವುದು ಕಿವಿಯ ಸೋಂಕು. ನಿಮಗೆ ಬೇಕಿರುವುದು ದನ, ಕುರಿ, ಕೋಳಿ ಸಾಕಣೆಯ ಕಡೆ ಜೀವನೋಪಾಯ ಆಗಿದ್ದರೆ ಮನೆಪಾಠದ ಯೋಚನೆಯೇ ಬೇಡ. ಬೀದರಿನ ಪಶು ವಿಶ್ವವಿದ್ಯಾಲಯದ ಅಡಿಯ ಪಾಲಿಟೆಕ್ನಿಕ್‌ಗಳಲ್ಲಿ, ತಿಪಟೂರಿನ ಹತ್ತಿರ ಕೊನೇಹಳ್ಳಿಯಲ್ಲೂ ಒಂದಿದೆ, ಎಸ್ಸೆಸ್ಸೆಲ್ಸಿ ಆದವರಿಗೆ ಎರಡು ವರ್ಷದ ಡಿಪ್ಲೊಮಾ ಇದೆ.

ನಾಯಿಯೇ ಬೇಕು ಅಂದರೆ ಮೊದಲ ಮೂರು ತಿಂಗಳು ದೊಡ್ಡ ಫೀಸಿನ ಯಾವುದಕ್ಕೂ ಸೇರಬೇಡಿ. ಕೋರ್ಸೆರಾ ಅನ್ನುವ ಆನ್‌ಲೈನ್ ಕಲಿಕೆಯ ತಾಣದಲ್ಲಿ ಎಡಿನ್‌ಬರ್ಗ್ ವಿಶ್ವವಿದ್ಯಾಲಯದ ‘ಅನಿಮಲ್ ಬಿಹೇವಿಯರ್ ಅಂಡ್ ವೆಲ್ಫೇರ್’ ಮುಗಿಸಿ, ತಳಪಾಯಕ್ಕೆ ಅದು ಸಾಕು. ಜೊತೆಗೆ ದಿನವೂ ಅರ್ಧ ಗಂಟೆ ಬೀದಿಯ ಒಂದೇ ನಾಯಿಯನ್ನು ದೂರದಿಂದ ಗಮನಿಸಿ. ನಿಮಿಷಕ್ಕೊಮ್ಮೆ ಅಲಾರಂ, ಆ ಕ್ಷಣಕ್ಕೆ ಏನು ಮಾಡುತ್ತಿದೆ ಅಂತ ಒಂದು ಗುರುತು: ಮಲಗಿದೆ, ನಿಂತಿದೆ, ಮೂಸುತ್ತಿದೆ, ಕೆರೆದುಕೊಳ್ಳುತ್ತಿದೆ. ‘ಕೋಪ ಬಂದಿದೆ’ ಅಂತ ಬರೆಯಬೇಡಿ. ಬಾಲ ಬೆನ್ನಿಗಿಂತ ಮೇಲೆ, ಬಿಗಿ, ಬಾಯಿ ಮುಚ್ಚಿದೆ, ತೂಕ ಮುಂಗಾಲಿನ ಮೇಲೆ, ಹೀಗೆ ಬರೆಯಿರಿ. ವಾರಾಂತ್ಯ ಹತ್ತಿರದ ಆಶ್ರಯತಾಣಕ್ಕೆ ಹೋಗಿ ಗೂಡು ತೊಳೆಯುವ ಕೆಲಸ ಕೇಳಿ. ಬಾಗಿಲ ಚಿಲಕ ತೆಗೆಯುವ ಮುಂಚೆ ನಾಯಿ ಎಲ್ಲಿ ನಿಂತಿದೆ, ತುಟಿ ನೆಕ್ಕುತ್ತಿದೆಯಾ, ಕಣ್ಣಿನ ಬಿಳಿ ಕಾಣುತ್ತಿದೆಯಾ ನೋಡುವ ಅಭ್ಯಾಸ ಬರುವುದು ಅಲ್ಲಿ.

ಅಷ್ಟಾದ ಮೇಲೂ ಆ ನಾಲ್ಕರಲ್ಲಿ ಒಂದಕ್ಕೆ ಸೇರುವ ಮನಸ್ಸಿದ್ದರೆ ನಾಲ್ವರಿಗೂ ಮೇಲ್ ಹಾಕಿ. ನನ್ನ ವಿಡಿಯೊ ನೋಡುವವರ ಹೆಸರೇನು, ಅವರು ಈಗಲೂ ನಾಯಿಗಳ ಜೊತೆ ಕೆಲಸ ಮಾಡುತ್ತಿದ್ದಾರಾ, ಇಡೀ ಕೋರ್ಸಿನಲ್ಲಿ ಎಷ್ಟು ವಿಡಿಯೊ ತಿದ್ದಿ ಕೊಡುತ್ತೀರಿ. ಉತ್ತರದ ಬದಲು ‘ಇವತ್ತೇ ಸೇರಿದರೆ ಅರ್ಧ ಬೆಲೆ’ ಅಂತ ಬಂದರೆ ಅದನ್ನು ಪಟ್ಟಿಯಿಂದ ತೆಗೆಯಿರಿ. ಬಂದ ಉತ್ತರಗಳನ್ನು ಬೇಕಾದರೆ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.