ಕೋಡ್ ಓದಲು ಬಾರದವರಿಗೆ ಓಪನ್ ಸೋರ್ಸ್ ಏಕೆ?

(ಬದಿಯಡ್ಕದ ಓದುಗರೊಬ್ಬರ ಪತ್ರದ ಸಾರ: ಪಿಎಸ್‌ಸಿ ಪರೀಕ್ಷೆಗೆಂದು ಮಲಯಾಳ ಕಲಿಯುತ್ತಿದ್ದೇನೆ. ಒಂದು ಕಲಿಕಾ ಸೇವೆಯ ಪದಗಳನ್ನು ಕನ್ನಡ ಲಿಪಿಯಲ್ಲಿ ತೋರಿಸುವ, ಬೇರೊಬ್ಬರು ಮಾಡಿದ ಆ್ಯಪ್ ಬಳಸುತ್ತೇನೆ. ಅದರ ಸೋರ್ಸ್ ಕೋಡನ್ನು, ಅಂದರೆ ಆ್ಯಪನ್ನು ರೂಪಿಸಿದ ಮೂಲ ಬರಹವನ್ನು, ಮುಚ್ಚಿಟ್ಟಿದ್ದಾರೆಂದು ಗೆಳೆಯರ ಆಕ್ಷೇಪ. ಕೋಡ್ ಓದಲು ಬಾರದ ನನಗೆ ಅದರಿಂದೇನು? ಮಾಡಿದವರಿಗೂ ಹೊಟ್ಟೆಪಾಡಿಲ್ಲವೇ?)

ಹೊಟ್ಟೆಪಾಡಿನ ಮಾತಿನಲ್ಲಿ ನಿಮ್ಮ ಪಕ್ಷಕ್ಕೆ ಬಲವಿದೆ. 2006ರಿಂದ ಬಳಕೆಯಲ್ಲಿರುವ ಆಂಕಿ ಎಂಬ ನೆನಪಿನ ಕಾರ್ಡುಗಳ ತಂತ್ರಾಂಶವನ್ನೇ ನೋಡಿ: ಕಂಪ್ಯೂಟರಿನ ಆವೃತ್ತಿ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದದ್ದು), ಆಂಡ್ರಾಯ್ಡಿನ ಆಂಕಿಡ್ರಾಯ್ಡ್ ಕೂಡ ಹಾಗೆಯೇ, ಐಫೋನಿನದು ಮಾತ್ರ ಮುಚ್ಚಿದ ಕೋಡಿನದು, ಬೆಲೆ ಸುಮಾರು 25 ಡಾಲರ್, ಮತ್ತು ಮುಖ್ಯ ತಂತ್ರಾಂಶವನ್ನು ಹಲವು ವರ್ಷ ಸಾಕಿದ್ದು ಆ ಹಣವೇ. ಹಾಗಾಗಿ ಮುಚ್ಚಿದ್ದೆಲ್ಲ ಕೆಟ್ಟದ್ದೆಂದು ನಾನು ಹೇಳಲಾರೆ.

ನಿಮ್ಮ ಆ್ಯಪಿನ ಸಂಗತಿ ಬೇರೆ. ಅದು ಸೇವೆಯವರದ್ದೂ ಅಲ್ಲ, ನಿಮ್ಮದೂ ಅಲ್ಲ. ನಡುವೆ ನಿಂತ ಮೂರನೆಯವರದು. ಸೇವೆಯವರು ನಿಮ್ಮ ಖಾತೆಗೆ ಕೊಟ್ಟ ಟೋಕನನ್ನು (ಖಾತೆಯನ್ನು ತೆರೆಯುವ, ಕೀಲಿಯಂಥ ಗುಟ್ಟಿನ ಅಕ್ಷರಸಾಲು) ನೀವು ಅದರೊಳಗೆ ಅಂಟಿಸಿದ್ದೀರಿ. ಆ ಟೋಕನಿನಿಂದ ಆ್ಯಪ್ ಏನನ್ನು ಓದುತ್ತದೆ, ಏನನ್ನು ತಿದ್ದುತ್ತದೆ, ಮತ್ತೆಲ್ಲಿಗೆ ಕಳುಹಿಸುತ್ತದೆ ಎಂಬುದನ್ನು ಕೋಡ್ ನೋಡದೆ ಹೊರಗಿನವರು ಪೂರ್ತಿಯಾಗಿ ತಿಳಿಯುವುದು ಕಷ್ಟ. ನಿಮಗೆ ಓದಲು ಬಾರದು ಎನ್ನುತ್ತೀರಿ. ಮಲಯಾಳದಲ್ಲಿ ಬಂದ ಸರಕಾರಿ ಪತ್ರವನ್ನು ಕಾಸರಗೋಡಿನ ನಾವು ನೆರೆಯವರಿಂದ ಓದಿಸಿಕೊಳ್ಳುವುದಿಲ್ಲವೇ? ಪತ್ರವೇ ಕೈಗೆ ಸಿಗದಿದ್ದರೆ ನೆರೆಯವರಾದರೂ ಏನು ಮಾಡಿಯಾರು? ಪ್ರಕಟಿಸಿದ ಕೋಡೇ ಬೇರೆ, ಪ್ಲೇ ಸ್ಟೋರಿಗೆ ಏರಿಸಿದ ಆ್ಯಪೇ ಬೇರೆ ಆಗಿರಬಹುದೆಂಬ ಅನುಮಾನವೂ ನ್ಯಾಯವಾದದ್ದೇ. ಎಫ್-ಡ್ರಾಯ್ಡ್ ಎಂಬ ಓಪನ್ ಸೋರ್ಸ್ ಆ್ಯಪುಗಳ ಭಂಡಾರದವರು ಕೋಡಿನಿಂದ ತಾವೇ ಆ್ಯಪ್ ಕಟ್ಟಿ ಹಂಚುವುದು ಈ ಕಾರಣಕ್ಕೇ.

ನೀವು ಕಳುಹಿಸಿದ ಪರದೆಯ ಚಿತ್ರದಲ್ಲಿ ಬಾಳೆಗಿಡಕ್ಕೆ ‘ವಾಳ’ ಎಂದಿದೆ. ಮಲಯಾಳದಲ್ಲಿ ವಾಳ ಎಂದರೆ ಒಂದು ಮೀನು; ಬಾಳೆಗಿಡ ‘ವಾೞ’. ಈ ೞ ನಮ್ಮ ಹಳಗನ್ನಡದ ಅಕ್ಷರವೇ, ಕಂಪ್ಯೂಟರಿನ ಅಕ್ಷರಪಟ್ಟಿಯಾದ ಯೂನಿಕೋಡಿನಲ್ಲೂ ಇದೆ. (ಅಲ್ಲಿ ಅದಕ್ಕೆ ‘ಫಾ’ ಎಂಬ ತಪ್ಪು ಹೆಸರು ಬಿದ್ದಿದೆ, ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದಾಗಿ ಹಾಗೆಯೇ ಉಳಿದಿದೆ.) ಕೋಡ್ ತೆರೆದಿದ್ದರೆ ಕುಂಬಳೆಯ ಯಾವುದೋ ಹುಡುಗಿ ಲಿಪ್ಯಂತರದ ಆ ಒಂದು ಸಾಲನ್ನು ತಿದ್ದಿ ಕಳುಹಿಸಬಹುದಿತ್ತು. ಈಗ ಆ ಆ್ಯಪಿನಿಂದ ಕಲಿಯುವವರೆಲ್ಲ ತೋಟದಲ್ಲಿ ಮೀನು ನೆಡುತ್ತಿದ್ದಾರೆ.

ಕೋಡ್ ತೆರೆದರೆ ಮಾರುವಂತಿಲ್ಲ ಎಂಬುದು ತಪ್ಪು ತಿಳಿವಳಿಕೆ. ಓಪನ್ ಸೋರ್ಸ್ ತಂತ್ರಾಂಶಗಳಿಗೆ ಬಳಸುವ ಜಿಪಿಎಲ್ ಎಂಬ ಪರವಾನಗಿ ಮಾರಾಟವನ್ನು ತಡೆಯುವುದಿಲ್ಲ. ಕೊಂಡವರು ಪುಕ್ಕಟೆ ಹಂಚಲೂಬಹುದು ಎಂಬ ನಷ್ಟದ ಭಯ ಮಾತ್ರ ನಿಜ.

ನಿಮ್ಮ ಆ್ಯಪಿಗೆ ಪದಗಳನ್ನು ತೋರಿಸುವುದಷ್ಟೇ ಕೆಲಸವಾದ್ದರಿಂದ, ಸೇವೆಯ ಖಾತೆಯಲ್ಲಿ ಅವಕಾಶವಿದ್ದರೆ ಹಳೆಯ ಟೋಕನನ್ನು ರದ್ದುಮಾಡಿ, ಓದಲಷ್ಟೇ ಅನುಮತಿಯಿರುವ ಹೊಸದನ್ನು ಪಡೆದುಕೊಳ್ಳಿ. ಮಾಡಿದವರಿಗೆ ಬರೆಯುವಾಗ ೞಕಾರದ ವಿಷಯವನ್ನೇ ಮೊದಲು ಬರೆಯಿರಿ.

— ಸಂಪಾದಕ