ಹಿತ್ತಲಲ್ಲಿ ಎರಡು ಮನೆ ಕಟ್ಟುವ ಮೊದಲು

ಅಕ್ಕ ಅಂತ ಕರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ನೀನು ನ್ಯೂಜಿಲೆಂಡಿನ ಆಕ್ಲೆಂಡಿಗೆ ಬಂದು ಎರಡು ವರ್ಷ, ರೆಸಿಡೆನ್ಸಿ (ಇಲ್ಲೇ ನೆಲೆಸುವ ಅನುಮತಿ) ಈಗಷ್ಟೇ ಸಿಕ್ಕಿದೆ. ಮೌಂಟ್ ಆಲ್ಬರ್ಟ್ ರೈಲು ಸ್ಟೇಷನ್ ಹತ್ತಿರ 700 ಚದರ ಮೀಟರ್ ಜಾಗದ ಹಳೇ ಮನೆ ಆಕ್ಷನ್‌ಗೆ, ಅಂದರೆ ಹರಾಜಿಗೆ ಬಂದಿದೆ. ಅದನ್ನು ಕೊಂಡು, ಹಿಂದೆ ಎರಡು ಮನೆ ಕಟ್ಟಿ, ಒಂದನ್ನು ಮಾರಿದರೆ ಸಾಲ ತೀರುತ್ತದಾ, ಡೆಪಾಸಿಟ್‌ಗೆ ಊರಿನ ಸೈಟು ಮಾರಲಾ ಅಂತ ಕೇಳಿದ್ದೀಯ.

ಸ್ಕೂಲು, ಚಳಿ ವಿಷಯವೂ ಕೇಳಿದ್ದೀಯ. ಸ್ಕೂಲು ಮನೆ ವಿಳಾಸ ನೋಡಿ ಕೊಡುತ್ತಾರೆ. ಚಳಿ ಅಭ್ಯಾಸವಾಗುತ್ತದೆ. ಮನೆ ವಿಷಯ ಮಾತ್ರ ಬಿಡಿಸಿ ಹೇಳಬೇಕು.

2009ರ ಜುಲೈನಲ್ಲಿ ಬಂದಿಳಿದಾಗ ನನ್ನ ಕಣ್ಣಿಗೆ ಬಿದ್ದದ್ದು ಇಲ್ಲಿನ ಹಿತ್ತಲು. ಇಷ್ಟು ಜಾಗ ಸುಮ್ನೆ ಹುಲ್ಲು ಬೆಳೆದುಕೊಂಡು ಬಿದ್ದಿದೆಯಲ್ಲ ಅನ್ನಿಸಿತ್ತು. 2017ರಲ್ಲಿ ಆಕ್ಲೆಂಡಿನ ಮೌಂಟ್ ರಾಸ್ಕಿಲ್‌ನಲ್ಲಿ ಅಂಥದ್ದೇ ಹಿತ್ತಲಿನ ಮನೆ ಕೊಂಡೆವು. 2021ರ ಡಿಸೆಂಬರ್‌ನಲ್ಲಿ ಹೊಸ ಕಾನೂನು ಬಂತು. ಒಂದು ಸೈಟಿನಲ್ಲಿ ಮೂರು ಅಂತಸ್ತಿನ ಮೂರು ಮನೆಗಳವರೆಗೆ ರಿಸೋರ್ಸ್ ಕನ್ಸೆಂಟ್ (ಜಾಗ ಬಳಸಲು ಕೌನ್ಸಿಲ್, ಅಂದರೆ ಇಲ್ಲಿನ ನಗರಾಡಳಿತ, ಕೊಡುವ ಅನುಮತಿ) ಇಲ್ಲದೆ ಕಟ್ಟಬಹುದು ಎಂದರು. ಆ ವರ್ಷ ಬಡ್ಡಿಯೂ ಶೇ 3ರ ಆಸುಪಾಸು. ನಾವು ಡ್ರಾಯಿಂಗ್ ಮಾಡಿಸಿದೆವು. ಮೈಸೂರಿನ ಸೈಟು ಮಾರಿಸಿದೆವು.

2023ರ ಜನವರಿ 27ರ ಮಳೆ ಕೇಳಿರುತ್ತೀಯ. ಅವತ್ತು ಸಂಜೆ ನೀರು ನಮ್ಮ ಹಿತ್ತಲಿನ ಉದ್ದಕ್ಕೂ ಹರಿಯಿತು, ಡ್ರಾಯಿಂಗಿನಲ್ಲಿ ಎರಡು ಮನೆ ಇದ್ದ ಜಾಗದಲ್ಲೇ. ಅದು ಮಳೆ ನೀರು ಹರಿಯುವ ದಾರಿ ಅಂತ ಕೌನ್ಸಿಲ್ ಮ್ಯಾಪಿನಲ್ಲಿ ಮೊದಲೇ ಇತ್ತು. ಡ್ರಾಯಿಂಗ್ ಮಾಡಿದವರು ಹೇಳಿರಲಿಲ್ಲ, ನಾನೂ ತೆಗೆದು ನೋಡಿರಲಿಲ್ಲ. ನೀರಿಗೆ ದಾರಿ ಬಿಡಬೇಕು, ನೆಲ ಎತ್ತರಿಸಬೇಕು, ಟ್ಯಾಂಕ್ ಹೂಳಬೇಕು ಎಂದರು ಎಂಜಿನಿಯರ್. ಎರಡು ಹೋಗಿ ಒಂದೇ ಮನೆ ಉಳಿಯಿತು. ಒಂದೇ ಮನೆಗೆ ಲೆಕ್ಕ ಕೂಡಲಿಲ್ಲ. ಆ ವರ್ಷದ ಕೊನೆಗೆ ಬಡ್ಡಿ ಶೇ 7 ದಾಟಿತ್ತು. ಅಲ್ಲಿಗೆ ಬಿಟ್ಟೆವು. ಡ್ರಾಯಿಂಗ್, ಸರ್ವೆ, ಮಣ್ಣಿನ ಪರೀಕ್ಷೆಗೆ ಕೊಟ್ಟ ದುಡ್ಡು ಹೋಯಿತು.

ನಮ್ಮ ಕಡೆ ಗ್ರೌಂಡ್ ಫ್ಲೋರ್ ಎಬ್ಬಿಸಿ, ಮೇಲೆ ಕಂಬಿ ಬಿಟ್ಟು, ಕೈಗೆ ದುಡ್ಡು ಬಂದಾಗ ಮಹಡಿ ಏರಿಸುತ್ತೇವೆ, ಅಲ್ವಾ? ನಾನೂ ಹಾಗೇ ಲೆಕ್ಕ ಹಾಕಿದ್ದೆ. ಇಲ್ಲಿ ಅದು ನಡೆಯುವುದಿಲ್ಲ. ಬ್ಯಾಂಕು ಹಂತ ಹಂತವಾಗಿ ದುಡ್ಡು ಬಿಡುತ್ತದೆ. ಕೊನೆಯ ಕಂತಿಗೆ ಕೋಡ್ ಕಂಪ್ಲಯನ್ಸ್ ಸರ್ಟಿಫಿಕೇಟ್ ಬೇಕು, ಅಂದರೆ ಕಟ್ಟಿದ್ದು ನಿಯಮದ ಪ್ರಕಾರವೇ ಇದೆ ಎನ್ನುವ ಪತ್ರ. ಅಲ್ಲಿಯವರೆಗೆ ಬಡ್ಡಿ ಓಡುತ್ತಲೇ ಇರುತ್ತದೆ. ಇದರ ಮೇಲೆ ಕೌನ್ಸಿಲ್‌ಗೆ ಡೆವಲಪ್‌ಮೆಂಟ್ ಕಾಂಟ್ರಿಬ್ಯೂಷನ್ (ಊರಿನ ಸೌಕರ್ಯಗಳಿಗೆ ಕಟ್ಟುವ ಪಾಲು), ನೀರಿನ ಕನೆಕ್ಷನ್ ಶುಲ್ಕ, ಶೇ 15 ಜಿಎಸ್‌ಟಿ. ಮಾರುವುದಕ್ಕೆಂದೇ ಕಟ್ಟಿದರೆ ತೆರಿಗೆ ಲೆಕ್ಕವೇ ಬೇರೆ, ಮೊದಲೇ ಅಕೌಂಟೆಂಟ್ ಹತ್ತಿರ ಕೂತು ಕೇಳು.

ನಿಯಮ ಈಗ ಮತ್ತೆ ಬದಲಾಗುತ್ತಿದೆ. ಮೂರು ಮನೆಯ ನಿಯಮವನ್ನು ಬಿಡಲು 2025ರಲ್ಲಿ ಸರ್ಕಾರವೇ ಆಕ್ಲೆಂಡಿಗೆ ದಾರಿ ಮಾಡಿಕೊಟ್ಟಿತು. ಅದೇ ವರ್ಷ ನವೆಂಬರ್‌ನಲ್ಲಿ ಕೌನ್ಸಿಲ್ ಪ್ಲ್ಯಾನ್ ಚೇಂಜ್ 120 ಎನ್ನುವ ನಿಯಮ ಬದಲಾವಣೆಯ ಪ್ರಸ್ತಾವ ಹೊರಡಿಸಿತು. ನೀರು ನುಗ್ಗುವ ಕಡೆ ಬಿಗಿ, ಸ್ಟೇಷನ್ ಸುತ್ತ ಸಡಿಲ. ಮೌಂಟ್ ಆಲ್ಬರ್ಟ್ ಸ್ಟೇಷನ್ ಬಳಿ ಹತ್ತು ಮಹಡಿಯವರೆಗೆ ಬಿಡುವ ಮಾತಿದೆ. ಆದರೆ ಮಾರುವವನಿಗೂ ಇದು ಗೊತ್ತು. ನಾಳೆ ಕಟ್ಟಬಹುದಾದ ಮನೆಗಳ ಬೆಲೆ ಇವತ್ತಿನ ಜಾಗದ ರೇಟಿನಲ್ಲೇ ಸೇರಿರುತ್ತದೆ. ನಿನ್ನ ಲಾಭ ಅಂತ ನೀನು ಎಣಿಸಿದ್ದನ್ನು ಅವನು ಆಗಲೇ ಎಣಿಸಿಕೊಂಡಿರುತ್ತಾನೆ.

ಊರಿನ ಸೈಟು ಮಾರಬೇಡ. ಇದನ್ನು ಅಕ್ಕನಾಗಿ ಹೇಳುತ್ತಿದ್ದೇನೆ. ನನ್ನ ಅಪ್ಪ ಮೈಸೂರು ಕುವೆಂಪುನಗರದ ಆ ಸೈಟಿಗೆ ಪ್ರತಿ ಭಾನುವಾರ ಹೋಗಿ, ಕಳೆ ಕೀಳಿಸಿ, ಕಲ್ಲು ಸರಿದಿಲ್ಲವಾ ಅಂತ ನೋಡಿ ಬರುತ್ತಿದ್ದರು. ಮಾರು ಅಂದಾಗ ಒಂದು ಮಾತೂ ಆಡದೆ ಸಹಿ ಹಾಕಿದರು. ಈಗಲೂ ಭಾನುವಾರ ಫೋನ್ ಮಾಡಿದರೆ ಆ ರಸ್ತೆಯ ಸುದ್ದಿ ಮಾತ್ರ ಎತ್ತುವುದಿಲ್ಲ.

ಆಕ್ಷನ್‌ನಲ್ಲಿ ಸುತ್ತಿಗೆ ಬಿದ್ದ ಮೇಲೆ ಹಿಂದೆ ಸರಿಯಲು ಆಗುವುದಿಲ್ಲ. ಅದಕ್ಕೆ ಮೊದಲು ಲಿಮ್ ರಿಪೋರ್ಟ್ (ಆ ಜಾಗದ ಬಗ್ಗೆ ಕೌನ್ಸಿಲ್ ಬಳಿ ಇರುವ ಮಾಹಿತಿಯ ವರದಿ) ಓದಿಸು. ಟೈಟಲ್ ಕ್ರಾಸ್ ಲೀಸ್ ಆಗಿದ್ದರೆ, ಅಂದರೆ ಜಾಗ ಪಕ್ಕದ ಮನೆಯವರ ಜೊತೆ ಜಂಟಿಯಾಗಿದ್ದರೆ, ಪಕ್ಕದವರ ಒಪ್ಪಿಗೆ ಬೇಕಾಗುತ್ತದೆ. ಕೌನ್ಸಿಲ್‌ನ ಫ್ಲಡ್ ವ್ಯೂವರ್‌ನಲ್ಲಿ ವಿಳಾಸ ಹಾಕಿ ನೋಡು, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಅಷ್ಟರಲ್ಲಿ ಒಂದು ಜೋರು ಮಳೆ ಬಂದರೆ ಫೋನ್ ಮಾಡು. ಇಬ್ಬರೂ ಹೋಗಿ ಆ ಹಿತ್ತಲಲ್ಲಿ ನೀರು ಎಲ್ಲಿ ಹರಿಯುತ್ತದೆ ಅಂತ ನಿಂತು ನೋಡೋಣ.