ಆದಿಕಾಲದ ಕ್ರೈಸ್ತರಲ್ಲಿ ಹಾವನ್ನು ಪೂಜಿಸುವ ಪಂಗಡವಿತ್ತೇ?

ರೊಟ್ಟಿಯ ಮೇಲೆ ಜೀವಂತ ಹಾವನ್ನು ಹರಿಯಬಿಟ್ಟು, ಆಮೇಲೆ ಆ ರೊಟ್ಟಿಯನ್ನು ಹಂಚಿ ತಿನ್ನುವ ಕ್ರೈಸ್ತರಿದ್ದರಂತೆ, ನಿಜವೇ ಎಂದು ಕೇಳಿದ್ದೀರಿ. ಹಾವನ್ನು ಗೌರವಿಸುವವರಿದ್ದದ್ದು ನಿಜ. ಅವರಿಗೆ ಒಫೈಟರು ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ 'ಓಫಿಸ್' ಎಂದರೆ ಹಾವು. ರೊಟ್ಟಿಯ ಕಥೆಯನ್ನು ಮಾತ್ರ ನಾನು ಅರ್ಧದಷ್ಟೇ ನಂಬುತ್ತೇನೆ.

ಅದನ್ನು ವಿವರವಾಗಿ ಬರೆದವನು ಸೈಪ್ರಸ್ಸಿನ ಸಲಾಮಿಸ್‌ನ ಬಿಷಪ್ ಎಪಿಫೇನಿಯಸ್. 370ರ ದಶಕದಲ್ಲಿ ಅವನು 80 'ಪಾಷಂಡ' ಮತಗಳನ್ನು ಹೀಗಳೆದು ಬರೆದ ಗ್ರಂಥದ ಹೆಸರು 'ಪನಾರಿಯನ್', ಅಂದರೆ ಮದ್ದಿನ ಪೆಟ್ಟಿಗೆ. ಆ ಮತಗಳೆಲ್ಲ ಅವನ ಕಣ್ಣಿಗೆ ವಿಷಜಂತುಗಳು. ಅವನು ಹೇಳುವಂತೆ ಒಫೈಟರು ಪೆಟ್ಟಿಗೆಯೊಂದರಲ್ಲಿ ಹಾವು ಸಾಕುತ್ತಿದ್ದರು. ಆರಾಧನೆಯ ಹೊತ್ತಿಗೆ ಮೇಜಿನ ಮೇಲೆ ರೊಟ್ಟಿ ಪೇರಿಸಿ ಅದನ್ನು ಕರೆಯುತ್ತಿದ್ದರು. ಹಾವು ಹೊರಬಂದು ರೊಟ್ಟಿಗಳ ನಡುವೆ ಸುತ್ತಿಕೊಂಡರೆ ಬಲಿ ಪೂರ್ಣವಾದಂತೆ. ಬಳಿಕ ರೊಟ್ಟಿ ಮುರಿದು ಹಂಚಿ, ಒಬ್ಬೊಬ್ಬರೂ ಹಾವಿನ ಬಾಯಿಗೆ ಮುತ್ತಿಡುತ್ತಿದ್ದರಂತೆ. ಈ 'ಅಂತೆ' ನನ್ನದಲ್ಲ: ಯಾರೋ ಹೇಳಿದ್ದನ್ನು ಕೇಳಿದ್ದೇನೆ ಎಂದು ಎಪಿಫೇನಿಯಸ್ಸನೇ ಬರೆದಿದ್ದಾನೆ! ಅವನಿಗಿಂತ ಸುಮಾರು ಇನ್ನೂರು ವರ್ಷ ಮೊದಲು ಇಂಥದ್ದೇ ಸಿದ್ಧಾಂತವನ್ನು ಖಂಡಿಸಿದ ಲಿಯೋನ್‌ನ ಬಿಷಪ್ ಐರೇನಿಯಸ್ ಜೀವಂತ ಹಾವಿನ ಸುದ್ದಿಯನ್ನೇ ಎತ್ತುವುದಿಲ್ಲ. ಕೂಸಿಗೆ ಹಿಟ್ಟು ಮೆತ್ತಿ ಕೊಂದು ತಿನ್ನುತ್ತಾರೆ ಎಂದು ಎಲ್ಲ ಕ್ರೈಸ್ತರ ಮೇಲೂ ರೋಮನ್ನರು ಅಪವಾದ ಹೊರಿಸಿದ್ದ ಕಾಲವದು. ಎದುರಾಳಿಯ ಪೂಜೆಯ ಬಗ್ಗೆ ಏನು ಬೇಕಾದರೂ ಹಬ್ಬಿಸಬಹುದಿತ್ತು.

ಆದರೆ ಹಾವಿಗೆ ಗೌರವ ಏಕೆ ಎಂಬುದಕ್ಕೆ ಒಳ್ಳೆಯ ಪುರಾವೆಯಿದೆ. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯ ಬಳಿ ಮಣ್ಣಿನ ಜಾಡಿಯೊಂದರಲ್ಲಿ ಕಾಪ್ಟಿಕ್ ಭಾಷೆಯ ಹಳೆಯ ಹೊತ್ತಗೆಗಳು ಸಿಕ್ಕವು. ಒಫೈಟರೇ ಬರೆದದ್ದು ಎನ್ನಲಾಗದಿದ್ದರೂ ಅಂಥದ್ದೇ ವಿಚಾರಗಳು ಅವುಗಳಲ್ಲಿವೆ. ಅವುಗಳ ಪ್ರಕಾರ ಲೋಕವನ್ನು ಸೃಷ್ಟಿಸಿದವನು ಪರಮದೇವರಲ್ಲ, ಅಸೂಯೆಯ ಕೀಳು ದೇವತೆ. ಮನುಷ್ಯನಿಗೆ ಅರಿವು ಸಿಗದಿರಲೆಂದೇ, ಮೊದಲ ಮನುಷ್ಯರಿದ್ದ ಏದೆನ್ ತೋಟದಲ್ಲಿ, ಹಣ್ಣು ತಿನ್ನಬೇಡ ಎಂದ. ಅರಿವು ಕೊಡಿಸಿದ್ದು ಹಾವು. ಬೈಬಲಿನ ಹಳೆಯ ಪ್ರವಾದಿ ಮೋಶೆ ಕಂಬಕ್ಕೇರಿಸಿದ ಕಂಚಿನ ಸರ್ಪಕ್ಕೆ ಯೇಸು ತನ್ನನ್ನು ಹೋಲಿಸಿಕೊಂಡ ಮಾತು ಯೋಹಾನನ ಸುವಾರ್ತೆಯಲ್ಲೇ ಇರುವುದರಿಂದ ಇಂಥವರಿಗೆ ಆಧಾರಕ್ಕೂ ಕೊರತೆಯಿರಲಿಲ್ಲ.

ನನಗೆ ಬಹಳ ಹಿಡಿಸುವುದು ನಾಗ್ ಹಮ್ಮಾದಿಯಲ್ಲೇ ಸಿಕ್ಕ 'ಸತ್ಯದ ಸಾಕ್ಷ್ಯ' ಎಂಬ ಹೊತ್ತಗೆಯ ಜಗಳಗಂಟಿ ತರ್ಕ. ಏದೆನ್ ತೋಟದಲ್ಲಿ ದೇವರು "ಆದಾಮನೇ, ಎಲ್ಲಿದ್ದೀಯೆ?" ಎಂದು ಕೇಳುತ್ತಾನಲ್ಲ, ಅಷ್ಟೂ ಗೊತ್ತಿಲ್ಲದವನು ಎಂಥ ದೇವರು ಎಂದು ಅದು ಕೇಳುತ್ತದೆ.